ಕಾರಿಗೆ ರೇಡಾರ್ ಡಿಟೆಕ್ಟರ್ ಕೊಳ್ಳುವುದು ಹೇಗೆ: ಸುಮ್ಮನಿರಲು ಬಲ್ಲದ್ದನ್ನು ಆರಿಸಿ

ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಲಾಂಗ್ ವೀಕೆಂಡ್ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: "ಡಿಟೆಕ್ಟರ್ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ಡಿಟೆಕ್ಟರ್ ಎಂದರೆ ವೇಗ ಅಳೆಯುವ ಪೊಲೀಸ್ ರೇಡಾರಿನ ತರಂಗವನ್ನು ಹಿಡಿದು ಕೂಗಿ ಎಚ್ಚರಿಸುವ ಪುಟ್ಟ ಪೆಟ್ಟಿಗೆ. ಒಬ್ಬರು ತಮ್ಮ ಹತ್ತಿರ ಇರುವುದರ ಹೆಸರು ಹೇಳುತ್ತಾರೆ. ಇನ್ನೊಬ್ಬರು ಅದಕ್ಕಿಂತ ದುಬಾರಿಯದನ್ನು ಹೇಳುತ್ತಾರೆ. ಮೂರನೆಯವರು "ವೇಜ್ ಇದ್ದರೆ ಸಾಕು, ಸುಮ್ನೆ ದುಡ್ಡು ಹಾಳು" ಎನ್ನುತ್ತಾರೆ. ವೇಜ್ ಎಂದರೆ ದಾರಿಯಲ್ಲಿ ಪೊಲೀಸ್ ಕಂಡರೆ ಚಾಲಕರೇ ಒಬ್ಬರಿಗೊಬ್ಬರು ತಿಳಿಸುವ ಫೋನ್ ಆ್ಯಪ್. ಕೇಳಿದವರು ಕೊನೆಗೆ ಡಿಸ್ಕೌಂಟ್‌ನಲ್ಲಿ ಸಿಕ್ಕಿದ್ದನ್ನು ತಂದು ಗಾಜಿಗೆ ಅಂಟಿಸುತ್ತಾರೆ. ಒಂದೇ ತಿಂಗಳಲ್ಲಿ ಅದರ ಕೂಗು ತಾಳಲಾರದೆ ಗ್ಲವ್ ಬಾಕ್ಸ್‌ಗೆ ತಳ್ಳುತ್ತಾರೆ.

ಹೀಗಾಗುವುದಕ್ಕೆ ಕಾರಣ ಸರಳ. ಕೊಳ್ಳುವಾಗ ಎಲ್ಲರೂ "ಎಷ್ಟು ದೂರದಿಂದ ಹಿಡಿಯುತ್ತದೆ" ಎಂದು ಕೇಳುತ್ತಾರೆ. ಮಧ್ಯಮ ಬೆಲೆಯ ಡಿಟೆಕ್ಟರ್‌ಗಳೆಲ್ಲ ಈಗ ಬೇಕಾದಷ್ಟು ದೂರದಿಂದಲೇ ಹಿಡಿಯುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಪೊಲೀಸ್ ಇಲ್ಲದಾಗ ಅದು ಎಷ್ಟು ಸುಮ್ಮನಿರುತ್ತದೆ? ಎಲ್ಲದಕ್ಕೂ ಕೂಗುವ ಪೆಟ್ಟಿಗೆಯ ಮಾತನ್ನು ನೀವು ಕೇಳುವುದನ್ನೇ ಬಿಡುತ್ತೀರಿ. ನಿಜವಾದ ಕೂಗು ಬಂದಾಗಲೂ ಕೈ ಮ್ಯೂಟ್ ಬಟನ್‌ಗೇ ಹೋಗುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. 65ರ ರಸ್ತೆಯಲ್ಲಿ 95 ಹೊಡೆಯುವವರಿಗೆ ಈ ಲೇಖನದಿಂದ ಏನೂ ಸಿಗುವುದಿಲ್ಲ. ಎಲ್ಲರ ಜೊತೆ ಒಂದೇ ವೇಗದಲ್ಲಿ ಹೋಗುತ್ತಿರುವಾಗ, ಇಳಿಜಾರಿನಲ್ಲಿ ಗೊತ್ತಾಗದೆ ಎಂಟು ಹತ್ತು ಮೈಲು ಜಾಸ್ತಿಯಾದಾಗ ಎಚ್ಚರಿಸಲಿ ಎನ್ನುವವರಿಗೆ ಇದು.

ಮೊದಲ ಹೆಜ್ಜೆ: ನೀವು ಓಡಾಡುವ ರಾಜ್ಯದ ಕಾನೂನು ನೋಡಿ

ಖಾಸಗಿ ಕಾರಿನಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳುವುದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ತಪ್ಪಲ್ಲ. ಕೂಡದು ಎನ್ನುವ ಜಾಗಗಳು ಎರಡು: ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ. ಇವೆರಡೂ ಪೂರ್ವ ಕರಾವಳಿಯ ಕನ್ನಡಿಗರ ದಾರಿಗೆ ಅಡ್ಡವಾಗಿಯೇ ಇವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2024ರ ಸಮ್ಮೇಳನ ನಡೆದದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ನ್ಯೂಜೆರ್ಸಿಯಿಂದ ಐ-95 ಹಿಡಿದು ಹೊರಟರೆ ಮೇರಿಲ್ಯಾಂಡ್‌ವರೆಗೆ ಗಾಜಿನ ಮೇಲಿದ್ದ ಪೆಟ್ಟಿಗೆ ಪೊಟೊಮ್ಯಾಕ್ ನದಿ ದಾಟಿದ ತಕ್ಷಣ ಅಪರಾಧದ ವಸ್ತುವಾಗುತ್ತದೆ. ಕಾವೇರಿ ಕನ್ನಡ ಸಂಘದ ಸದಸ್ಯರು ಡಿ.ಸಿ., ಮೇರಿಲ್ಯಾಂಡ್, ವರ್ಜೀನಿಯಾ ಮೂರೂ ಕಡೆ ಹಂಚಿಹೋಗಿದ್ದಾರೆ. ಅಂಥವರಿಗೆ ಡಿಟೆಕ್ಟರ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ದಿನಾ ತೆಗೆದು ಹಾಕುವುದು ಯಾರಿಂದಲೂ ಆಗದ ಕೆಲಸ.

ವರ್ಜೀನಿಯಾ ಮೂಲಕ ಹಾದುಹೋಗಲೇಬೇಕು ಎಂದಾದರೆ ವೈರ್ ಕಿತ್ತು, ಡಿಟೆಕ್ಟರನ್ನು ಡಿಕ್ಕಿಯಲ್ಲಿಡಿ. ಕರೆಂಟ್ ಸಂಪರ್ಕ ಇರಬಾರದು, ಚಾಲಕರಿಗಾಗಲಿ ಪಕ್ಕದಲ್ಲಿ ಕೂತವರಿಗಾಗಲಿ ಸುಲಭವಾಗಿ ಕೈಗೆ ಸಿಗಬಾರದು. ಹೀಗಿದ್ದರೆ ಅಲ್ಲಿನ ಕಾನೂನು ಬಿಟ್ಟುಬಿಡುತ್ತದೆ. ವೇಗದ ವಿಷಯದಲ್ಲಂತೂ ಆ ರಾಜ್ಯದಲ್ಲಿ ಹುಷಾರಾಗಿರಿ. ಗಂಟೆಗೆ 85 ಮೈಲಿ ಮೀರಿದರೆ, ಅಥವಾ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ, ಅದು ಬರೀ ಟಿಕೆಟ್ ಅಲ್ಲ. "ರೆಕ್‌ಲೆಸ್ ಡ್ರೈವಿಂಗ್" ಎಂಬ ಕ್ರಿಮಿನಲ್ ಕೇಸು. 2,500 ಡಾಲರ್‌ವರೆಗೆ ದಂಡ, 12 ತಿಂಗಳವರೆಗೆ ಜೈಲು ವಿಧಿಸಲು ಅವಕಾಶವಿದೆ. ವೀಸಾದ ಮೇಲಿರುವವರಿಗೆ ಇಂಥ ದಾಖಲೆ ಬೇಕಿಲ್ಲ, ಅಲ್ವಾ?

ನಯಾಗರ ನೋಡಲು ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೆನಡಾ ಕಡೆಗೆ ದಾಟುವವರು ಇದನ್ನು ಗಮನಿಸಿ. ಕೆನಡಾದಲ್ಲಿ ಡಿಟೆಕ್ಟರಿಗೆ ಅನುಮತಿ ಇರುವುದು ಪಶ್ಚಿಮದ ಮೂರು ಪ್ರಾಂತ್ಯಗಳಲ್ಲಿ ಮಾತ್ರ: ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್. ಬಫೆಲೊ ಅಥವಾ ಡೆಟ್ರಾಯ್ಟ್ ಕಡೆಯಿಂದ ದಾಟಿದರೆ ಸಿಗುವುದು ಒಂಟಾರಿಯೊ. ಅಲ್ಲಿ ಬಳಸುವುದಷ್ಟೇ ಅಲ್ಲ, ಕಾರಿನಲ್ಲಿ ಇಟ್ಟುಕೊಳ್ಳುವುದೇ ತಪ್ಪು. ಪೊಲೀಸರು ಕಿತ್ತುಕೊಂಡರೆ ವಾಪಸ್ ಬರುವುದಿಲ್ಲ. ಡಿಕ್ಕಿಯ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಮನೆಯಲ್ಲೇ ಬಿಟ್ಟು ಹೋಗಿ.

ಕ್ಯಾಲಿಫೋರ್ನಿಯಾ ಮತ್ತು ಮಿನ್ನೆಸೋಟದಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳಬಹುದು. ಆದರೆ ಮುಂದಿನ ಗಾಜಿಗೆ ಏನನ್ನಾದರೂ ಅಂಟಿಸುವುದಕ್ಕೆ, ತೂಗುಹಾಕುವುದಕ್ಕೆ ನಿರ್ಬಂಧಗಳಿವೆ. ಆ ರಾಜ್ಯಗಳವರು ಡ್ಯಾಶ್‌ಬೋರ್ಡ್ ಮೇಲಿಡುವ ಸ್ಟ್ಯಾಂಡ್ ನೋಡಿಕೊಳ್ಳಿ. 10,000 ಪೌಂಡ್ ಮೀರಿದ ವಾಣಿಜ್ಯ ವಾಹನಗಳಲ್ಲಿ ದೇಶದ ಎಲ್ಲ ಕಡೆಯೂ ನಿಷೇಧ. ಮಿಲಿಟರಿ ನೆಲೆಗಳ ಒಳಗೂ ಅಷ್ಟೇ.

ರೇಡಾರ್ ಜ್ಯಾಮರ್ ಎಂಬ ಇನ್ನೊಂದು ವಸ್ತು ಇದೆ. ಅದು ಪೊಲೀಸರ ರೇಡಾರನ್ನೇ ಕೆಡಿಸಲು ತರಂಗ ಬಿಡುತ್ತದೆ. ಅದು ಇಡೀ ದೇಶದಲ್ಲಿ ಕಾನೂನುಬಾಹಿರ, ಅದರ ಹತ್ತಿರವೂ ಹೋಗಬೇಡಿ. ಲೇಸರ್ ಜ್ಯಾಮರಿಗೆ ಒಂದೊಂದು ರಾಜ್ಯದ್ದು ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಇಲಿನಾಯ್ ಸೇರಿ ಹಲವು ಕಡೆ ನಿಷೇಧವಿದೆ. ಡಿಟೆಕ್ಟರ್ ಬರೀ ಕೇಳಿಸಿಕೊಳ್ಳುವ ರೇಡಿಯೋ. ಅದಕ್ಕೇ ಅದಕ್ಕೆ ವಿನಾಯಿತಿ.

ಎರಡನೆಯದು: ನಿಮ್ಮ ದಾರಿಯಲ್ಲಿ ಮಾಮ ಏನು ಹಿಡಿದು ಕೂತಿದ್ದಾನೆ?

ಪೊಲೀಸ್ ರೇಡಾರ್ ಒಂದು ನಿರ್ದಿಷ್ಟ ಕಂಪನಾಂಕದ ತರಂಗವನ್ನು ಬಿಡುತ್ತದೆ. ನಿಮ್ಮ ಕಾರಿಗೆ ಬಡಿದು ಮರಳುವಾಗ ಆ ಕಂಪನಾಂಕ ಸ್ವಲ್ಪ ಬದಲಾಗಿರುತ್ತದೆ. 24.150 ಗಿಗಾಹರ್ಟ್ಸ್‌ನ ರೇಡಾರಿಗೆ ಗಂಟೆಗೆ ಒಂದು ಮೈಲಿ ವೇಗವೆಂದರೆ ಸುಮಾರು 72 ಹರ್ಟ್ಸ್ ವ್ಯತ್ಯಾಸ. 70ರಲ್ಲಿ ಹೋಗುತ್ತಿದ್ದರೆ ಸುಮಾರು 5,000 ಹರ್ಟ್ಸ್. ಅದನ್ನು ಅಳೆದು ಪರದೆಯ ಮೇಲೆ ವೇಗ ತೋರಿಸುತ್ತದೆ. ಶಾಲೆಯಲ್ಲಿ ಓದಿದ ಡಾಪ್ಲರ್ ಪರಿಣಾಮ ಇದೇ.

ಈ ತರಂಗ ಒಂದೇ ಕಾರಿಗೆ ಗುರಿಯಿಟ್ಟು ಹೋಗುವುದಿಲ್ಲ. ಪೈಪಿನ ಬಾಯಿಗೆ ಬೆರಳಿಟ್ಟು ತೋಟಕ್ಕೆ ನೀರು ಚಿಮುಕಿಸಿದ ಹಾಗೆ ಅಗಲವಾಗಿ ಚೆಲ್ಲುತ್ತದೆ. ಲಾರಿಗಳಿಗೆ, ಸೇತುವೆಗಳಿಗೆ, ರಸ್ತೆಬದಿಯ ಬೋರ್ಡುಗಳಿಗೆ ಬಡಿದು ಅತ್ತಿತ್ತ ಚದುರುತ್ತದೆ. ಗುಡ್ಡದ ಆಚೆ ಮುಂದಿನ ಕಾರುಗಳನ್ನು ಅಳೆಯುತ್ತಿರುವ ಪೊಲೀಸನ ತರಂಗ ಈಚೆ ಬದಿಯ ನಿಮ್ಮನ್ನು ತಲುಪುವುದು ಹೀಗೆ. ಡಿಟೆಕ್ಟರ್ ಬದುಕಿರುವುದೇ ಈ ಚೆಲ್ಲಾಟದ ಮೇಲೆ.

ಲೇಸರ್ ಗನ್ ಅಥವಾ ಲೈಡಾರ್ ಹಾಗಲ್ಲ. ಅದರ ಕಿರಣ 1,000 ಅಡಿ ದೂರದಲ್ಲೂ ಸುಮಾರು ಮೂರು ಅಡಿ ಅಗಲವಷ್ಟೇ. ನಿಮ್ಮ ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಗುರಿಯಿಟ್ಟರೆ ಅರ್ಧ ಸೆಕೆಂಡಿನೊಳಗೆ ವೇಗ ಸಿಕ್ಕಿಬಿಡುತ್ತದೆ. 70ರಲ್ಲಿರುವ ಕಾರು ಒಂದು ಸೆಕೆಂಡಿಗೆ 100 ಅಡಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಲೇಸರ್ ಎಂದು ಡಿಟೆಕ್ಟರ್ ಕೂಗಿ, ಅದು ನಿಮ್ಮ ಕಿವಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಡಬ್ಬಿಯ ಮೇಲೆ "360 ಡಿಗ್ರಿ ಲೇಸರ್ ರಕ್ಷಣೆ" ಎಂದು ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ. ಲೇಸರ್ ಎಚ್ಚರಿಕೆ ಹೇಳುವುದು ಬಹುತೇಕ ಒಂದನ್ನೇ: ಅಳೆದಾಯಿತು ಎಂದು.

ಡಿಟೆಕ್ಟರಿಗೆ ಗೊತ್ತೇ ಆಗದ ಉಪಾಯಗಳೂ ಇವೆ. ನಿಮ್ಮ ಹಿಂದೆಯೇ ಅದೇ ವೇಗದಲ್ಲಿ ಬಂದು ತನ್ನ ಸ್ಪೀಡೋಮೀಟರ್ ನೋಡಿಕೊಳ್ಳುವುದು ಒಂದು. ರಸ್ತೆಯಲ್ಲಿ ಎರಡು ಗುರುತುಗಳ ನಡುವೆ ಕಾರು ಹೋಗಲು ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುವುದು ಇನ್ನೊಂದು. ಪೆನ್ಸಿಲ್ವೇನಿಯಾದಲ್ಲಿ ಈ ಎರಡನೆಯದೇ ಜೋರು. ಬಹುಕಾಲದಿಂದ ಆ ರಾಜ್ಯದಲ್ಲಿ ರೇಡಾರ್ ಬಳಸುವ ಹಕ್ಕು ಸ್ಟೇಟ್ ಪೊಲೀಸರಿಗಷ್ಟೇ ಇತ್ತು, ಊರಿನ ಪೊಲೀಸರಿಗೆ ಇರಲಿಲ್ಲ. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟರೆ ಟರ್ನ್‌ಪೈಕ್ ಮೇಲೆ ಡಿಟೆಕ್ಟರ್ ಉಪಯೋಗಕ್ಕೆ ಬರುತ್ತದೆ. ಇಳಿದು ಸಣ್ಣ ಊರುಗಳ ಒಳಗೆ ಹೋದಾಗ ಅದು ಸುಮ್ಮನಿದೆ ಎಂದು ಧೈರ್ಯ ಮಾಡಬೇಡಿ.

ಕ್ಯಾಮೆರಾಗಳದ್ದು ಬೇರೆಯೇ ಕಥೆ. ನ್ಯೂಯಾರ್ಕ್ ನಗರದ ಶಾಲಾ ವಲಯದ ಸ್ಪೀಡ್ ಕ್ಯಾಮೆರಾಗಳು 2022ರ ಆಗಸ್ಟ್‌ನಿಂದ ಹಗಲು ರಾತ್ರಿ ಕೆಲಸ ಮಾಡುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಕಾನೂನು ಸ್ಯಾನ್ ಹೊಸೆ, ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ ಸೇರಿ ಆರು ನಗರಗಳಿಗೆ ಇಂಥ ಕ್ಯಾಮೆರಾ ಹಾಕಲು ಅವಕಾಶ ಕೊಟ್ಟಿದೆ. ಕ್ಯಾಮೆರಾದ ರೇಡಾರ್ ಬಹಳ ದುರ್ಬಲವಾಗಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ತರಂಗದಿಂದ ಹಿಡಿಯುವ ಆಸೆ ಬಿಡಿ. ಜಿಪಿಎಸ್ ಮತ್ತು ಕ್ಯಾಮೆರಾಗಳ ಪಟ್ಟಿ ಎರಡೂ ಇರುವ ಡಿಟೆಕ್ಟರ್, ಅಥವಾ ಫೋನಿನಲ್ಲಿ ವೇಜ್, ಈ ಕೆಲಸಕ್ಕೆ ಸಾಕು. ನೀವು ಓಡಾಡುವುದೆಲ್ಲ ನಗರದ ಒಳಗೇ ಆದರೆ ವೇಜ್ ಒಂದೇ ಸಾಕು, ಐನೂರು ಡಾಲರ್ ಉಳಿಸಿಕೊಳ್ಳಿ. ಆ ವಾಟ್ಸಾಪ್ ಗುಂಪಿನ ಮೂರನೆಯವರ ಮಾತು ಇಷ್ಟರಮಟ್ಟಿಗೆ ಸರಿ. ಆದರೆ ರಾತ್ರಿ ಹನ್ನೊಂದಕ್ಕೆ, ಮುಂದೆ ಯಾರೂ ಇಲ್ಲದ ಹೆದ್ದಾರಿಯಲ್ಲಿ, ವೇಜ್‌ಗೆ ಹೇಳುವವರೇ ಇರುವುದಿಲ್ಲ. ಡಿಟೆಕ್ಟರಿಗೆ ಬೆಲೆ ಇರುವುದು ಅಲ್ಲಿ.

ಮೂರನೆಯದು: ಮೂರು ಬ್ಯಾಂಡ್‌ಗಳ (ಕಂಪನಾಂಕದ ವ್ಯಾಪ್ತಿಗಳ) ಪರಿಚಯ

ಎಕ್ಸ್ ಬ್ಯಾಂಡ್, 10.525 ಗಿಗಾಹರ್ಟ್ಸ್. ಮುದಿಯಾಗಿದೆ. ಈಗ ಪೊಲೀಸರ ಬಳಿ ಸಿಗುವುದು ಅಪರೂಪ, ಹಳೆಯ ಅಂಗಡಿಗಳ ಸ್ವಯಂಚಾಲಿತ ಬಾಗಿಲುಗಳಲ್ಲೇ ಜಾಸ್ತಿ.

ಕೆ ಬ್ಯಾಂಡ್, 24.05ರಿಂದ 24.25ರವರೆಗೆ. ಪೊಲೀಸರೂ ಬಳಸುತ್ತಾರೆ, ಅಂಗಡಿ ಬಾಗಿಲೂ ಬಳಸುತ್ತದೆ, "ನಿಮ್ಮ ವೇಗ ಇಷ್ಟು" ಎಂದು ತೋರಿಸುವ ರಸ್ತೆಬದಿಯ ಫಲಕವೂ ಬಳಸುತ್ತದೆ. ತಲೆನೋವೆಲ್ಲ ಇಲ್ಲೇ.

ಕೆಎ ಬ್ಯಾಂಡ್, 33.4ರಿಂದ 36.0ರವರೆಗೆ. ಇಲ್ಲಿ ಪೊಲೀಸರನ್ನು ಬಿಟ್ಟರೆ ಬೇರೆಯವರು ಕಡಿಮೆ. ಅವರ ರೇಡಾರ್ ಗನ್‌ಗಳೂ ಹೆಚ್ಚಾಗಿ ಮೂರೇ ಜಾಗದಲ್ಲಿ ಇರುತ್ತವೆ: 33.8, 34.7, 35.5ರ ಆಸುಪಾಸು. ಪರದೆಯ ಮೇಲೆ "ಕೆಎ 34.7" ಎಂದು ಬಂದರೆ ಎರಡನೇ ಯೋಚನೆ ಬೇಡ, ಕಾಲು ಎತ್ತಿ.

ಇದರಿಂದ ಕೊಳ್ಳುವವರಿಗೆ ಸಿಗುವ ಒಂದು ನಿಯಮ: ಬರೀ "ಕೆಎ" ಎಂದು ತೋರಿಸಿ ಸುಮ್ಮನಾಗುವ ಡಿಟೆಕ್ಟರ್ ಬೇಡ. ಅಂಕಿಯನ್ನೂ ತೋರಿಸಬೇಕು. 34.7 ಎಂದರೆ ಗನ್. ಬೇರೆ ಯಾವುದೋ ಅಡ್ಡಾದಿಡ್ಡಿ ಅಂಕಿ ಬಂದರೆ, ಪಕ್ಕದ ಲೇನಿನ ಕಾರಿನಲ್ಲಿರುವ ಅಗ್ಗದ ಡಿಟೆಕ್ಟರಿನಿಂದ ಸೋರುತ್ತಿರುವ ತರಂಗ ಇರಬಹುದು. ಹೌದು, ಕಳಪೆ ಡಿಟೆಕ್ಟರುಗಳು ತಾವೇ ತರಂಗ ಸೋರಿಸುತ್ತವೆ. ವರ್ಜೀನಿಯಾ, ಒಂಟಾರಿಯೊ ಪೊಲೀಸರು ಡಿಟೆಕ್ಟರ್ ಇರುವ ಕಾರುಗಳನ್ನು ಪತ್ತೆ ಮಾಡುವ ಯಂತ್ರ ಇಟ್ಟುಕೊಂಡಿರುವುದು ಇದೇ ಸೋರಿಕೆಯನ್ನು ನಂಬಿ.

ನಾಲ್ಕನೆಯದು: ಸುಳ್ಳು ಕೂಗು

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ದುಡ್ಡು ಹೋಗಬೇಕಾದದ್ದು ಇಲ್ಲಿಗೇ.

ಮೊದಲೆಲ್ಲ ಸುಳ್ಳು ಕೂಗಿಗೆ ಕಾರಣ ಅಂಗಡಿಯ ಬಾಗಿಲುಗಳು. ಅವು ಇದ್ದಲ್ಲೇ ಇರುತ್ತವೆ, ಗುರುತಿಟ್ಟುಕೊಳ್ಳಬಹುದು. ಆಮೇಲೆ ಬಂದದ್ದು ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್. ಪಕ್ಕದಲ್ಲಿ ವಾಹನವಿದೆ ಎಂದು ಕನ್ನಡಿಯಲ್ಲಿ ಕಿತ್ತಳೆ ದೀಪ ಹೊತ್ತಿಸುವ ಆ ಸೆನ್ಸರ್ ಅನೇಕ ಕಾರುಗಳಲ್ಲಿ ಕೆಲಸ ಮಾಡುವುದು 24 ಗಿಗಾಹರ್ಟ್ಸ್‌ನಲ್ಲೇ, ಅಂದರೆ ಪೊಲೀಸರ ಕೆ ಬ್ಯಾಂಡಿನಲ್ಲೇ. ಮುಂದೆ ಹೋಗುವ ಹೋಂಡಾ, ಅಕ್ಯುರಾ, ಮಜ್ದಾ, ಕೆಲವು ಜಿಎಂ ಕಾರುಗಳ ಹಿಂಬದಿ ಬಂಪರಿನಿಂದ ಬರುವ ತರಂಗವೂ ನಿಮ್ಮ ಡಿಟೆಕ್ಟರಿಗೆ ಮಾಮನ ಹಾಗೆಯೇ ಕೇಳಿಸುತ್ತದೆ. ಬಾಗಿಲು ಇದ್ದಲ್ಲಿ ಇರುತ್ತದೆ, ಈ ಕಾರು ನಿಮ್ಮ ಮುಂದೆಯೇ ಇಪ್ಪತ್ತು ಮೈಲಿ ಬರುತ್ತದೆ. ಹೊಸ ಕಾರುಗಳು 77 ಗಿಗಾಹರ್ಟ್ಸ್ ಸುತ್ತಮುತ್ತಲಿನ ಬ್ಯಾಂಡಿಗೆ ಹೋಗುತ್ತಿವೆ, ಹಾಗಾಗಿ ಈ ಕಾಟ ನಿಧಾನಕ್ಕೆ ಇಳಿಯುತ್ತದೆ. ಹಳೆಯ ಕಾರುಗಳು ರಸ್ತೆ ಬಿಡಲು ಇನ್ನೂ ಬಹಳ ವರ್ಷ ಬೇಕು.

ಆದ್ದರಿಂದ ಡಿಟೆಕ್ಟರಿನ ವಿವರ ಓದುವಾಗ ಮೂರು ವಿಷಯ ಹುಡುಕಿ.

ಒಂದು, ಬ್ಲೈಂಡ್ ಸ್ಪಾಟ್ ಫಿಲ್ಟರ್. ಎಲ್ಲ ಕಂಪನಿಗಳೂ ಇದೆ ಎನ್ನುತ್ತವೆ. ಕೆಲವದರಲ್ಲಿ ಹೆಸರಿಗಷ್ಟೇ. ಕಂಪ್ಯೂಟರಿಗೋ ಫೋನಿಗೋ ಜೋಡಿಸಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಬರುತ್ತದೆಯೇ ನೋಡಿ. ಪ್ರತಿವರ್ಷ ಹೊಸ ಕಾರು, ಹೊಸ ಸೆನ್ಸರ್. ಅಪ್‌ಡೇಟ್ ಆಗದ ಡಿಟೆಕ್ಟರ್ ತಂದ ದಿನದಿಂದಲೇ ಹಳೆಯದಾಗುತ್ತಾ ಹೋಗುತ್ತದೆ.

ಎರಡು, ಜಿಪಿಎಸ್ ಲಾಕ್‌ಔಟ್. ಆಫೀಸ್ ದಾರಿಯ ಫಾರ್ಮಸಿ ಬಾಗಿಲು ದಿನಾ ಕೂಗಿಸುತ್ತಿದ್ದರೆ, ಆ ಜಾಗವನ್ನೂ ಆ ಅಂಕಿಯನ್ನೂ ನೆನಪಿಟ್ಟುಕೊಂಡು ಮುಂದೆ ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲವು ತಾವೇ ಕಲಿಯುತ್ತವೆ, ಕೆಲವಕ್ಕೆ ನೀವು ಬಟನ್ ಒತ್ತಿ ಹೇಳಬೇಕು. ಜಾಣ ಲಾಕ್‌ಔಟ್ ಜಾಗದ ಜೊತೆಗೆ ಕಂಪನಾಂಕವನ್ನೂ ಹೋಲಿಸಿ ನೋಡುತ್ತದೆ. ಅದೇ ಫಾರ್ಮಸಿ ಮುಂದೆ ಪೊಲೀಸ್ ಬಂದು ಬೇರೆ ಅಂಕಿಯಲ್ಲಿ ರೇಡಾರ್ ಬಿಟ್ಟರೆ ಕೂಗಲೇಬೇಕು.

ಮೂರು, ಕಡಿಮೆ ವೇಗದಲ್ಲಿ ತಾನೇ ಮ್ಯೂಟ್ ಆಗುವುದು. 30 ಮೈಲಿ ಕೆಳಗೆ ಹೋಗುವಾಗ ಪಾರ್ಕಿಂಗ್ ಲಾಟ್‌ನ ಪುರಾಣ ಯಾರಿಗೆ ಬೇಕು? ಇದಕ್ಕೂ ಜಿಪಿಎಸ್ ಇರಬೇಕು.

ನಿಮ್ಮದೇ ಕಾರಿನ ಸೆನ್ಸರ್ ಕಾಟ ಕೊಡುತ್ತದೆಯೇ ಎನ್ನುವುದನ್ನೂ ಪರೀಕ್ಷಿಸಿ. ಹಿಂದಕ್ಕೂ ಕೇಳಿಸಿಕೊಳ್ಳುವ ಎರಡು ಆಂಟೆನಾದ ಡಿಟೆಕ್ಟರನ್ನು ಹಳೆಯ ಸಿಆರ್-ವಿಯಂಥ ಕಾರಿನಲ್ಲಿ ಹಾಕಿದರೆ, ಖಾಲಿ ರಸ್ತೆಯಲ್ಲೂ ಹಿಂದೆ ಯಾರೋ ಇದ್ದಾರೆ ಎಂದು ಕೂಗುತ್ತಲೇ ಇರಬಹುದು. ಮನೆ ಮುಂದಿನ ಖಾಲಿ ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಗೊತ್ತಾಗುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ.

ಐದನೆಯದು: ಬಾಣದ ಗುರುತು ಬೇಕೇ?

1992ರಲ್ಲಿ ವ್ಯಾಲೆಂಟೈನ್ ಒನ್ ಎಂಬ ಡಿಟೆಕ್ಟರ್ ಬಂತು. ಅದನ್ನು ಮಾಡಿದ ಮೈಕ್ ವ್ಯಾಲೆಂಟೈನ್ ಅದಕ್ಕೂ ಮೊದಲು ಜಿಮ್ ಜೇಗರ್ ಜೊತೆ ಸೇರಿ 1978ರಲ್ಲಿ ಎಸ್ಕಾರ್ಟ್ ಎಂಬ ಡಿಟೆಕ್ಟರ್ ತಂದವರು. 1974ರಿಂದ ಇಡೀ ದೇಶಕ್ಕೆ 55 ಮೈಲಿ ಮಿತಿ ಹೇರಿದ್ದ ಕಾಲ ಅದು, ಬೇಡಿಕೆಗೆ ಬರವಿರಲಿಲ್ಲ. ವ್ಯಾಲೆಂಟೈನ್ ಒನ್‌ನಲ್ಲಿ ಮುಂದೊಂದು ಹಿಂದೊಂದು ಆಂಟೆನಾ ಇಟ್ಟು, ಸಿಗ್ನಲ್ ಯಾವ ಕಡೆಯಿಂದ ಬರುತ್ತಿದೆ ಎಂದು ಬಾಣ ತೋರಿಸುವ ವ್ಯವಸ್ಥೆ ಮಾಡಿದರು. ಈಗ ದುಬಾರಿ ಡಿಟೆಕ್ಟರುಗಳಲ್ಲೆಲ್ಲ ಬಾಣಗಳಿವೆ.

ಬಾಣದ ಉಪಯೋಗ ಓಡಿಸುವಾಗಲೇ ಗೊತ್ತಾಗುವುದು. ಮುಂದಿನ ಬಾಣದೊಂದಿಗೆ ಶುರುವಾದ ಕೂಗು ಪಕ್ಕಕ್ಕೆ ತಿರುಗಿ ಹಿಂದಿನ ಬಾಣವಾದರೆ, ಮಾಮನನ್ನು ದಾಟಿದ್ದೀರಿ ಎಂದರ್ಥ. ದಾಟಿದ ಮೇಲೂ ಹಿಂದಿನ ಬಾಣದ ಬಲ ಏರುತ್ತಲೇ ಇದ್ದರೆ ಅವನು ಹೊರಟು ಹಿಂದೆ ಬರುತ್ತಿದ್ದಾನೆ. ಬಾಣ ಇಲ್ಲದಿದ್ದರೆ ಈ ಎರಡೂ ಒಂದೇ ಕೂಗು. ಆದರೆ ಇದಕ್ಕೆ ಬೆಲೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ವರ್ಷಕ್ಕೆ ಮೂರ್ನಾಲ್ಕು ಸಲ ದೂರ ಹೋಗುವವರಿಗೆ ಬಾಣ ಬೇಕಿಲ್ಲ. ವಾರವಾರ ಹೆದ್ದಾರಿ ಹಿಡಿಯುವವರು ಒಮ್ಮೆ ಬಾಣಕ್ಕೆ ಒಗ್ಗಿದರೆ ಅದಿಲ್ಲದೆ ಓಡಿಸಲಾರರು.

ಆರನೆಯದು: ಎಷ್ಟು ದುಡ್ಡು, ಯಾವ ಡಬ್ಬಿ

ಬೆಲೆಗಳು ಹಬ್ಬದ ಸೇಲ್‌ಗಳಲ್ಲಿ ಏರಿಳಿಯುತ್ತವೆ. ಇವು ಅಂದಾಜು ಅಷ್ಟೇ.

200 ಡಾಲರಿನ ಒಳಗೆ: ಕೋಬ್ರಾದ ಅಗ್ಗದ ಮಾಡೆಲ್‌ಗಳು, ಯೂನಿಡೆನ್ ಡಿಎಫ್ಆರ್ ಸರಣಿ. ಇವುಗಳ ಪೈಕಿ ಜಿಪಿಎಸ್ ಇರುವುದು ಸಿಕ್ಕರೆ ಅದನ್ನೇ ಹಿಡಿಯಿರಿ. ಜಿಪಿಎಸ್ ಇಲ್ಲದ ಅಗ್ಗದ ಡಿಟೆಕ್ಟರಿಗಿಂತ ಏನೂ ಇಲ್ಲದಿರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

300ರಿಂದ 450: ಯೂನಿಡೆನ್ ಆರ್3, ಆರ್4. ಬಾಣ ಇಲ್ಲ. ಜಿಪಿಎಸ್ ಇದೆ, ದೂರದಿಂದ ಹಿಡಿಯುವ ಶಕ್ತಿ ಧಾರಾಳವಾಗಿದೆ, ಅಪ್‌ಡೇಟ್ ಮಾಡಬಹುದು. ಹೆಚ್ಚಿನವರು ಇಲ್ಲೇ ನಿಲ್ಲಬೇಕು. ಯಾರಾದರೂ ಕೇಳಿದರೆ ಕಣ್ಣುಮುಚ್ಚಿ ಹೇಳುವುದು ಈ ಹಂತದ ಒಂದನ್ನು.

500ರಿಂದ 800: ಯೂನಿಡೆನ್ ಆರ್8, ವ್ಯಾಲೆಂಟೈನ್ ಒನ್ ಜೆನ್2, ಎಸ್ಕಾರ್ಟ್ ರೆಡ್‌ಲೈನ್ 360ಸಿ. ಮೂರರಲ್ಲೂ ಬಾಣಗಳಿವೆ. ಸ್ವಭಾವ ಮಾತ್ರ ಬೇರೆ ಬೇರೆ. ಆರ್8 ತಂದು ಸಿಕ್ಕಿಸಿದರೆ ಸಾಕು, ಜಿಪಿಎಸ್ ಒಳಗೇ ಇದೆ. ವ್ಯಾಲೆಂಟೈನ್‌ನಲ್ಲಿ ಜಿಪಿಎಸ್ ಇಲ್ಲ, ಅದನ್ನು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಬೇಕು. ಆಂಡ್ರಾಯ್ಡ್ ಇರುವವರು ಜೆಬಿವಿ1 ಎಂಬ ಆ್ಯಪ್ ಹಾಕಿಕೊಂಡರೆ ಅದರಲ್ಲಿ ಮಾಡಲಾಗದ್ದು ಏನೂ ಇಲ್ಲ. ಆದರೆ ಆ ಆ್ಯಪಿನ ಸೆಟ್ಟಿಂಗ್‌ಗಳು ಮುಗಿಯುವುದಿಲ್ಲ. ಇಂಥದ್ದರಲ್ಲಿ ಕೈಯಾಡಿಸುವುದೇ ಖುಷಿ ಎನ್ನುವ ಐಟಿ ಜನಕ್ಕೆ ಹೇಳಿ ಮಾಡಿಸಿದ್ದು. ಮನೆಯವರಿಗೂ ಅದೇ ಕಾರು ಎಂದಾದರೆ ಬೇಡ, ಪ್ರತಿಸಲ ಯಾರ ಫೋನ್ ಜೋಡಿಸುವುದು ಎಂಬ ಜಗಳ. ವ್ಯಾಲೆಂಟೈನ್ ಅಂಗಡಿಗಳಲ್ಲಿ ಸಿಗುವುದಿಲ್ಲ, ಕಂಪನಿಯಿಂದಲೇ ತರಿಸಬೇಕು. ರೆಡ್‌ಲೈನ್ ತರಂಗ ಸೋರಿಸುವುದಿಲ್ಲ ಎಂಬ ಹೆಸರು ಪಡೆದಿದೆ. ಡಿಟೆಕ್ಟರ್ ನಿಷೇಧವಿಲ್ಲದ ಕಡೆ ಆ ಗುಣಕ್ಕೆ ಜಾಸ್ತಿ ಕೊಡುವುದೇಕೆ?

ಬಳಸಿದ್ದನ್ನು ಕೊಳ್ಳುವುದಾದರೆ ಮಾಡೆಲ್ ಹೆಸರಷ್ಟೇ ನೋಡಬೇಡಿ. ಆನ್ ಮಾಡಿಸಿ, ಸಾಫ್ಟ್‌ವೇರ್ ಆವೃತ್ತಿ ಕೇಳಿ, ಅಂಗಡಿಯ ಬಾಗಿಲ ಮುಂದೆ ನಿಂತು ಕೆ ಬ್ಯಾಂಡ್ ಹಿಡಿಯುತ್ತದೆಯೇ ನೋಡಿ. ಬಿಸಿಲಿನಲ್ಲಿ ವರ್ಷಗಟ್ಟಲೆ ಗಾಜಿನ ಮೇಲಿದ್ದ ಪರದೆ ಮಂಕಾಗಿರುತ್ತದೆ. ಅದನ್ನು ಮಧ್ಯಾಹ್ನವೇ ಪರೀಕ್ಷಿಸಿ.

ಏಳನೆಯದು: ಕೂರಿಸುವುದು

ಡಿಟೆಕ್ಟರಿನ ಆಂಟೆನಾಕ್ಕೆ ರಸ್ತೆ ಕಾಣಬೇಕು. ವೈಪರ್, ಲೋಹ, ಡ್ಯಾಶ್‌ಬೋರ್ಡಿನ ಅಂಚು ಅಡ್ಡ ಬರಬಾರದು. ಮಟ್ಟಸವಾಗಿ ಕೂರಬೇಕು, ಮೂಗು ಆಕಾಶಕ್ಕೋ ಬಾನೆಟ್‌ಗೋ ತಿರುಗಿರಬಾರದು. ಕಾನೂನು ಬಿಟ್ಟ ಕಡೆ ಒಳಗನ್ನಡಿಯ ಪಕ್ಕ, ಎತ್ತರದಲ್ಲಿ ಹಾಕುವುದು ಒಳ್ಳೆಯದು. ಗುಡ್ಡದ ಆಚೆಯಿಂದ ಬರುವ ಕ್ಷೀಣ ತರಂಗಕ್ಕೆ ಆ ಎತ್ತರ ಸಹಾಯ ಮಾಡುತ್ತದೆ.

ಎರಡು ಎಚ್ಚರಿಕೆ. ಕೆಲವು ಕಾರುಗಳ ಗಾಜಿನಲ್ಲಿ ಶಾಖ ತಡೆಯಲು ತೆಳುವಾದ ಲೋಹದ ಲೇಪ ಇರುತ್ತದೆ. ಅದರ ಹಿಂದೆ ಡಿಟೆಕ್ಟರ್ ಅರ್ಧ ಕಿವುಡು. ಟೋಲ್ ಟ್ಯಾಗ್ ಅಂಟಿಸಲು ಇಂತಿಷ್ಟೇ ಜಾಗ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿದ್ದರೆ ಆ ಲೇಪ ಇದೆ ಎಂದು ತಿಳಿಯಿರಿ, ಆ ಜಾಗದಲ್ಲೇ ಡಿಟೆಕ್ಟರ್ ಕೂರಿಸಿ. ಇನ್ನೊಂದು, ಕನ್ನಡಿಯ ಹಿಂದಿನ ಕ್ಯಾಮೆರಾಗಳು. ಸುಬಾರುವಿನ ಐಸೈಟ್‌ನಂಥ ವ್ಯವಸ್ಥೆಗೆ ಅಡ್ಡವಾಗಿ ಏನೂ ಇಡಬೇಡಿ. ಟಿಕೆಟ್ ತಪ್ಪಿಸಲು ಹೋಗಿ ತಾನಾಗಿ ಬ್ರೇಕ್ ಹಾಕುವ ಸೌಕರ್ಯವನ್ನೇ ಕುರುಡು ಮಾಡಿದಂತಾಗುತ್ತದೆ.

ವೈರ್ ಡ್ಯಾಶ್‌ಬೋರ್ಡಿನ ಮೇಲೆ ನೇತಾಡುವುದು ಇಷ್ಟವಿಲ್ಲದಿದ್ದರೆ ಕನ್ನಡಿಗೆ ಬರುವ ವಿದ್ಯುತ್ತಿನಿಂದಲೇ ತೆಗೆದುಕೊಳ್ಳುವ ಮಿರರ್ ಟ್ಯಾಪ್ ಸಿಗುತ್ತದೆ. ಕಾರು ಆಫ್ ಆದಾಗ ಆ ವೈರಿನ ಕರೆಂಟೂ ನಿಲ್ಲುತ್ತದೆಯೇ ಎಂದು ಮೀಟರ್ ಇಟ್ಟು ನೋಡಿ. ಇಲ್ಲದಿದ್ದರೆ ಫ್ಯೂಸ್ ಬಾಕ್ಸಿನಿಂದ ತೆಗೆದುಕೊಳ್ಳುವುದು ವಾಸಿ. ರಾತ್ರಿ ನಗರದಲ್ಲಿ ನಿಲ್ಲಿಸುವಾಗ ಡಿಟೆಕ್ಟರನ್ನು ಕಳಚಿ ಒಳಗಿಡಿ, ಗಾಜಿನ ಮೇಲಿನ ಸಕ್ಷನ್ ಕಪ್ ಗುರುತನ್ನೂ ಒರೆಸಿ. ಗಾಜು ಒಡೆಯುವವರು ಮೊದಲು ನೋಡುವುದು ಆ ಉಂಗುರವನ್ನೇ.

ಎಂಟನೆಯದು: ಮೊದಲ ದಿನದ ಸೆಟ್ಟಿಂಗ್, ಮೊದಲ ವಾರದ ಕಿವಿ

ಡಬ್ಬಿಯಿಂದ ತೆಗೆದ ತಕ್ಷಣ ಅಪ್‌ಡೇಟ್ ಮಾಡಿ. ಆಮೇಲೆ ಎಕ್ಸ್ ಬ್ಯಾಂಡ್ ಆಫ್ ಮಾಡಿ. ಕೆ ಫಿಲ್ಟರ್ ಆನ್ ಮಾಡಿ. ಕಡಿಮೆ ವೇಗದ ಮ್ಯೂಟ್ 30 ಅಥವಾ 35ಕ್ಕೆ ಇಡಿ. ಕೆಎಗೆ ಬೇರೆ ಸದ್ದು, ಕೆಗೆ ಬೇರೆ ಸದ್ದು ಆರಿಸಿಕೊಳ್ಳಿ, ಪರದೆ ನೋಡದೆಯೇ ವ್ಯತ್ಯಾಸ ಗೊತ್ತಾಗಬೇಕು. ಉಳಿದ ಮೆನುಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಮೊದಲ ವಾರ ಕಲಿಯಬೇಕಾದದ್ದು ಒಂದು ವಿದ್ಯೆ: ಸಣ್ಣ ಕೂಗನ್ನು ಗುರುತಿಸುವುದು. ಅನುಭವಿ ಟ್ರೂಪರ್ (ಸ್ಟೇಟ್ ಪೊಲೀಸ್) ರೇಡಾರನ್ನು ಸದಾ ಆನ್ ಇಟ್ಟುಕೊಂಡು ಕೂರುವುದಿಲ್ಲ. ತಡೆಹಿಡಿದು, ಕಾರು ಹತ್ತಿರ ಬಂದಾಗ ಬಟನ್ ಒತ್ತಿ, ಒಂದೆರಡು ಸೆಕೆಂಡಿನಲ್ಲಿ ಓದಿ ಬಿಡುತ್ತಾನೆ. ಅರ್ಧ ಮೈಲಿ ಮುಂದಿನ ಕಾರಿಗೆ ಅವನು ಹೀಗೆ ಹೊಡೆದಾಗ ನಿಮ್ಮ ಪರದೆಯ ಮೇಲೆ "ಕೆಎ 35.5" ಒಂದೇ ಕಡ್ಡಿಯ ಬಲದಲ್ಲಿ ಮಿಂಚಿ ಮಾಯವಾಗುತ್ತದೆ. ಒಂದು "ಬೀಪ್", ಅಷ್ಟೇ. ಹೊಸಬರು ಏನೋ ಸುಳ್ಳು ಕೂಗು ಎಂದು ಬಿಟ್ಟುಬಿಡುತ್ತಾರೆ. ಒಂದೇ ಸಮನೆ ಏರುತ್ತಾ ಬರುವ ದೊಡ್ಡ ಕೂಗಿಗೆ ಬೇಕಾದಷ್ಟು ಸಮಯ ಇರುತ್ತದೆ. ಈ ಮಿಂಚಿ ಮರೆಯಾಗುವ ಕೂಗೇ ಅಪಾಯದ್ದು. ಮುಂದಿನ ಸರದಿ ನಿಮ್ಮದು. ನಿಮ್ಮ ಮುಂದೆ ಯಾವ ಕಾರೂ ಇಲ್ಲದಿದ್ದರೆ ಮೊದಲ ಹೊಡೆತವೇ ನಿಮಗೆ. ಆಗ ಯಾವ ಡಿಟೆಕ್ಟರೂ ಕಾಪಾಡುವುದಿಲ್ಲ.

ಕೂಗಿದ ತಕ್ಷಣ ಬ್ರೇಕ್ ತುಳಿಯಬೇಡಿ. ಹಿಂದಿನವರು ಬಂದು ಗುದ್ದಿದರೆ ಟಿಕೆಟ್ಟಿಗಿಂತ ದೊಡ್ಡ ಖರ್ಚು. ಕಾಲೆತ್ತಿ, ಕನ್ನಡಿ ನೋಡಿ, ಆಮೇಲೆ ನಿಧಾನಿಸಿ. ಪೊಲೀಸ್ ನಿಲ್ಲಿಸಿದರೆ ಡಿಟೆಕ್ಟರ್ ಬಚ್ಚಿಡಲು ಕೈ ಅತ್ತಿತ್ತ ಆಡಿಸಬೇಡಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಊರಿಗೆ ಒಯ್ಯಬಹುದೇ?

ರಜೆಗೆ ಬರುವಾಗ ಮೈದುನನೋ ಭಾವನೋ "ನನಗೂ ಒಂದು ತಂದುಕೊಡಿ" ಎಂದರೆ ನಯವಾಗಿ ಬೇಡ ಎನ್ನಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗಕ್ಕೆ ದಂಡ ಹಾಕುತ್ತಿರುವುದು ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು. ನಮ್ಮ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಹೆಚ್ಚಾಗಿ ಇರುವುದು ಲೇಸರ್ ಗನ್. ಅಮೆರಿಕದ ಕೆಎ ಬ್ಯಾಂಡಿಗೆ ತಯಾರಾದ ಪೆಟ್ಟಿಗೆಗೆ ಅಲ್ಲಿ ಕೆಲಸವೇ ಇಲ್ಲ. ಕಸ್ಟಮ್ಸ್‌ನಲ್ಲಿ ಅದೇನು ಎಂದು ವಿವರಿಸುವ ರಗಳೆ ಬೇರೆ. ಆ ದುಡ್ಡಿಗೆ ಒಂದು ಒಳ್ಳೆಯ ಡ್ಯಾಶ್‌ಕ್ಯಾಮ್ ಕೊಡಿಸಿ, ನಮ್ಮ ರಸ್ತೆಗಳಲ್ಲಿ ಅದರ ಉಪಯೋಗ ಜಾಸ್ತಿ.